ಊರು ಕ್ಯಾಮೆರಾಕ್ಕೆ ಕಾಯುವುದಿಲ್ಲ

ಅವರ ಕತ್ತಿನ ಹಿಂಭಾಗದಲ್ಲಿ, ಷರ್ಟಿನ ಕಾಲರ್ ಸರಿಸಿದರೆ ಮಾತ್ರ ಕಾಣುವಂತೆ, ಎರಡು ಬೆರಳಗಲದ ಕಪ್ಪು ಪಟ್ಟಿಯೊಂದಿತ್ತು. ನೊಗ ಹೊತ್ತು ಹೊತ್ತು ಎತ್ತಿನ ಹೆಗಲು ಜಡ್ಡುಗಟ್ಟಿರುತ್ತದಲ್ಲ, ಹಾಗೆ ಅಲ್ಲಿಯ ಚರ್ಮ ದಪ್ಪಗಾಗಿ ಮಿರುಗುತ್ತಿತ್ತು. ಫಿಸಿಯೋಥೆರಪಿ ಮಾಡುವ ನಾನು ಮೊದಲ ದಿನ ಅವರ ಹೆಗಲಿನ ಬಿಗಿತ ನೋಡಲು ಕೈಯಿಟ್ಟಾಗ ಬೆರಳಿಗೆ ಸಿಕ್ಕಿದ್ದು ಅದೇ. ಸುಟ್ಟ ಕಲೆಯೇ ಎಂದು ಹಿಂದಿಯಲ್ಲಿ ಕೇಳಿದೆ. ನನ್ನ ಹಿಂದಿಯ ಧಾಟಿ ಕೇಳಿ ಅವರು ಮೆಲ್ಲಗೆ ತಿರುಗಿದರು. "ಧಾರವಾಡದ ಕಡಿಯಾಕಿ ಏನ ನೀ?" ಎಂದರು. ಹೌದೆಂದೆ. "ಸುಟ್ಟದ್ದಲ್ಲ ತಂಗಿ. ಕ್ಯಾಮೆರಾದ ಪಟ್ಟಿ. ತಾಳಿಗಿಂತ ಹೆಚ್ಚ ಹೊತ್ತ ಕೊಳ್ಳಾಗ ಇದ್ದದ್ದು ಅದ."

ಅವರು ಗೋಕಾಕದ ಕಡೆಯವರು. ವಾಯುಸೇನೆಯಲ್ಲಿದ್ದ ಗಂಡನಿಗೆ ನಾಗಪುರಕ್ಕೆ ವರ್ಗವಾದಾಗ ಬಂದವರು ಮರಳಿ ಹೋಗಲಿಲ್ಲ. ಕ್ಯಾಂಪಿನ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಪೇಟೆಯ ಸದರ್ ಬಡಾವಣೆಯ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತು, ಮುಂದೆ ಒಂದು ಮರಾಠಿ ದಿನಪತ್ರಿಕೆಗೆ ಛಾಯಾಗ್ರಾಹಕಿಯಾದರು. ಹೆಂಗಸೊಬ್ಬಳು ಕ್ಯಾಮೆರಾ ಹಿಡಿದು ಮೆರವಣಿಗೆಯ ಮುಂದೆ ಹಿಂದಕ್ಕೆ ನಡೆಯುವುದನ್ನು ನೋಡಲಿಕ್ಕೆಂದೇ ಜನ ನಿಲ್ಲುತ್ತಿದ್ದ ಕಾಲವದು. ಜೇಬು ಬೇಕೆಂದು ಗಂಡಸರ ಷರ್ಟು ತೊಡಲು ಶುರುಮಾಡಿದವರು ಕೊನೆಯವರೆಗೂ ಅದನ್ನೇ ತೊಟ್ಟರು. ಗಂಡ ತೀರಿಕೊಂಡಿದ್ದರು. ವಿಮಾನ ನಿಲ್ದಾಣದ ಬಳಿಯ ಮಿಹಾನ್ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮಗಳೊಂದಿಗೆ ಸದರ್‌ನ ಫ್ಲ್ಯಾಟಿನಲ್ಲಿದ್ದರು. ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಕಾಲು ಕೋಲಿನ ಆಸರೆಗೆ ಬಂದಿತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಎದೆಗೆ ಒತ್ತಿ ನಿಂತುಬಿಟ್ಟಿತ್ತು. ಆ ಮುಷ್ಟಿ ಬಿಚ್ಚಿಸುವುದು ನನ್ನ ಕೆಲಸ.

ನನ್ನ ಯಜಮಾನರೂ ವಾಯುಸೇನೆಯವರೇ. ನಾನು ಸದರ್‌ನ ಆಸ್ಪತ್ರೆಯಲ್ಲಿ ಮಧ್ಯಾಹ್ನದವರೆಗೆ ಕೆಲಸ ಮುಗಿಸಿ, ಆಮೇಲೆ ಕೆಲವು ರೋಗಿಗಳ ಮನೆಗೆ ಹೋಗುತ್ತಿದ್ದೆ. ಆಗ ನನ್ನ ತಲೆಯಲ್ಲಿ ಒಂದು ಹುಚ್ಚು ಹೊಕ್ಕಿತ್ತು: ಫೋಟೋಗ್ರಫಿ ಕಲಿಯಬೇಕು. ಕಲಿಯುವುದೆಂದರೆ ನನ್ನ ಪಾಲಿಗೆ ಕ್ಯಾಮೆರಾ ಆರಿಸುವುದು. ಯಾವುದರ ಸೆನ್ಸರ್ ದೊಡ್ಡದು, ಯಾವ ಲೆನ್ಸ್‌ನಲ್ಲಿ ಹಿನ್ನೆಲೆ ಬೆಣ್ಣೆಯಂತೆ ಕರಗುತ್ತದೆ ಎಂದು ಊಟ ಮಾಡುವಾಗಲೂ ವಿಡಿಯೋ ನೋಡುತ್ತಿದ್ದೆ. ಹಾಗೆ ನೋಡುತ್ತ ವರ್ಷ ಕಳೆದಿದ್ದೆ. ತೆಗೆದ ಚಿತ್ರ ಒಂದೂ ಇರಲಿಲ್ಲ.

ಅವರ ಮನೆಯ ಗಾಜಿನ ಕಪಾಟಿನಲ್ಲಿ ಕ್ಯಾಮೆರಾಗಳ ಸಾಲು ಕಂಡು ನನಗೆ ಕಣ್ಣು ಕೀಳಲಾಗಲಿಲ್ಲ. ಅವರ ಬೆರಳು ನೀವುತ್ತ, ಕಲಿಯುವವರಿಗೆ ಯಾವ ಕ್ಯಾಮೆರಾ ಚಲೋ ಎಂದು ಕೇಳಿದೆ.

"ನಿನ್ನ ಹತ್ರ ಯಾವುದೈತಿ?"

"ನನ್ನ ಹತ್ರ ಇಲ್ರೀ. ಫೋನ್ ಐತಷ್ಟ."

"ಫೋನ್ ಐತಿ, ಮತ್ತ ಇಲ್ಲ ಅಂದ್ಯಲ್ಲ."

ಮರುದಿನದಿಂದ ನನಗೆ ಹೋಮ್‌ವರ್ಕ್ ಶುರುವಾಯಿತು. ಬೀದಿಯ ತುದಿಯ ಚರ್ಚಿನ ಗೋಡೆಯ ಚಿತ್ರವನ್ನು ಬೆಳಿಗ್ಗೆ, ಮಟಮಟ ಮಧ್ಯಾಹ್ನ, ಸಂಜೆ ತೆಗೆದು ತರಬೇಕು. ವಾರವಿಡೀ ಅದೇ ಗೋಡೆ. ಬೇಸರವಾಯಿತೆಂದರೆ, "ಬ್ಯಾಸರಕಿ ಬಂತಂದ್ರ ನೋಡೂದು ಚಾಲೂ ಆತಂತ ತಿಳಿ," ಎನ್ನುತ್ತಿದ್ದರು. ನಿಜಕ್ಕೂ ವಾರದ ಕೊನೆಗೆ ಆ ಗೋಡೆಯಲ್ಲಿ ನಾನು ಹಿಂದೆಂದೂ ಕಾಣದ ಉಬ್ಬು ತಗ್ಗುಗಳು, ಸುಣ್ಣದ ಪದರುಗಳು ಕಾಣತೊಡಗಿದವು. ಮಧ್ಯಾಹ್ನದ ಬಿಸಿಲಿನಲ್ಲಿ ಬೋಳಾಗಿದ್ದ ಗೋಡೆ ಸಂಜೆಯ ಓರೆ ಬೆಳಕಿನಲ್ಲಿ ಮುದುಕಿಯ ಮುಖದಂತಾಗುತ್ತಿತ್ತು. ಚಿತ್ರ ಸರಿಯಿಲ್ಲದಿದ್ದರೆ ನೇರವಾಗಿ ಬೈಯುತ್ತಿದ್ದರು. ಒಮ್ಮೆ ನಾನು ನಗುತ್ತ, "ಸಾಲಿ ಅಕ್ಕೋರಂಗ ಬೈತೀರಲ್ರೀ," ಎಂದೆ. ಅಂದಿನಿಂದ ಅವರು ನನಗೆ ಅಕ್ಕೋರೇ ಆದರು. ನಮ್ಮ ಕಡೆ ಸಾಲಿಯ ಶಿಕ್ಷಕಿಯನ್ನು ಹಾಗೆಯೇ ಕರೆಯುವುದು.

ಗೋಡೆ ಮುಗಿದ ಮೇಲೆ ಮನುಷ್ಯರು. ಮೂಲೆಯಲ್ಲಿ ತರ್ರಿ ಪೋಹೆ, ಅಂದರೆ ಖಾರದ ಸಾರು ಸುರಿದ ಅವಲಕ್ಕಿ, ಮಾರುವವನ ಚಿತ್ರ ತರಲು ಹೇಳಿದರು. ನಾನು ರಸ್ತೆಯ ಆಚೆ ಬದಿಯಲ್ಲಿ ನಿಂತು, ಫೋನಿನಲ್ಲೇ ಎಳೆದು ದೊಡ್ಡದು ಮಾಡಿ ತೆಗೆದೆ. ಅವನ ಬೆನ್ನು, ಒಂದು ಕೊಡೆ, ಮಸುಕು ಮಸುಕು ಹಬೆ.

"ಇಷ್ಟ ದೂರ ಯಾಕ ನಿಂತಿ? ಅವ ಏನ ಕಚ್ಚತಾನ?"

"ಒಂದ ಚಲೋ ಲೆನ್ಸ್ ಇದ್ದಿದ್ರ ಅಲ್ಲಿಂದನ ಬರ್ತಿತ್ರೀ."

"ಲೆನ್ಸ್ ಅವನ್ನ ಹತ್ರ ತರ್ತೈತಿ. ನಿನ್ನ ಹೆದರಿಕಿ ಎಲ್ಲಿತ್ತೋ ಅಲ್ಲೇ ಇರ್ತೈತಿ. ಹೋಗು, ಪೋಹೆ ತಿನ್ನು, ಮಾತಾಡಸು. ಆಮ್ಯಾಲ ಕೇಳು, ತಗೀಲೇನು ಅಂತ."

ಹೋದೆ. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಮಾತಾಡಿಸಿದೆ. ಅವನು ತರ್ರಿಯ ಪಾತ್ರೆಯ ಮೇಲೆ ಬಾಗಿ ನಕ್ಕ ಚಿತ್ರವೇ ನಾನು ತೆಗೆದ ಮೊದಲ ಚಿತ್ರ ಎಂದು ಇಂದಿಗೂ ಹೇಳುತ್ತೇನೆ.

ಇತ್ತ ನನ್ನ ಕೆಲಸ ಮುಂದೆ ಸಾಗುತ್ತಿರಲಿಲ್ಲ. ರಬ್ಬರ್ ಚೆಂಡು ಹಿಚುಕಲು ಕೊಟ್ಟರೆ, "ಇದನ್ನ ಹಿಚುಕಿ ಯಾರಿಗೇನ ಆಗೂದೈತಿ," ಎಂದು ಪಕ್ಕಕ್ಕಿಡುತ್ತಿದ್ದರು. ಒಂದು ಮಧ್ಯಾಹ್ನ ನಾನು ಹೋದಾಗ ಮಂಚದ ಮೇಲೆ ಕೂತು ತಮ್ಮ ದೊಡ್ಡ ಕ್ಯಾಮೆರಾವನ್ನು ತಲೆಕೆಳಗಾಗಿ ಎಡಗೈಯಲ್ಲಿ ಹಿಡಿಯಲು ಒದ್ದಾಡುತ್ತಿದ್ದರು. ಒತ್ತುವ ಗುಂಡಿ ಎಲ್ಲ ಕ್ಯಾಮೆರಾಗಳಲ್ಲೂ ಬಲಗಡೆಗೇ ಇರುತ್ತದೆ ಎಂಬುದನ್ನು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ತಿರುಗಿಸಿ ಹಿಡಿದರೆ ಅದು ಎಡಕ್ಕೆ ಬರುತ್ತಿತ್ತು. ಆದರೆ ಲೆನ್ಸ್‌ನ ಭಾರಕ್ಕೆ ಮಣಿಕಟ್ಟು ಸೋಲುತ್ತಿತ್ತು. ನೋಡುನೋಡುತ್ತಿದ್ದಂತೆ ಕ್ಯಾಮೆರಾ ಜಾರಿ ಹಾಸಿಗೆಗೆ ಬಿತ್ತು. ನಾನು ಎತ್ತಲು ಹೋದೆ. ಅವರು ತಡೆದರು. ಎಡಗೈಯಿಂದಲೇ ಲೆನ್ಸ್‌ಗೆ ಮುಚ್ಚಳ ಹಾಕಿದರು.

"ಕಪಾಟಿನ್ಯಾಗ ಇಡು," ಎಂದರು ಆಮೇಲೆ. "ಮಗಳ ಹಳೀ ಫೋನ್ ಕಟ್ಟಿ ಮ್ಯಾಲೈತಿ, ಅದನ್ನ ಕೊಡು."

ಆ ಫೋನಿನ ಮೂಲೆ ಒಡೆದಿತ್ತು. ಅದನ್ನು ಎಡಗೈಯಲ್ಲಿ ಹಿಡಿದರೆ ದನಿ ಏರಿಸುವ ಗುಂಡಿ ಸರಿಯಾಗಿ ಹೆಬ್ಬೆರಳಿನ ಕೆಳಗೆ ಬರುತ್ತಿತ್ತು; ಅದನ್ನೊತ್ತಿದರೆ ಚಿತ್ರ ಬೀಳುತ್ತಿತ್ತು. ದೇಶದ ದೊಡ್ಡ ದೊಡ್ಡವರ ಚಿತ್ರ ತೆಗೆದ ಹೆಂಗಸು ಅಂದಿನಿಂದ ಬಾಲ್ಕನಿಯ ಪಾರಿವಾಳ, ಕೂಲರ್‌ಗೆ ನೀರು ತುಂಬುವ ಹೆಂಗಸು, ನನ್ನ ಕೈಚೀಲ, ಹೀಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ತೆಗೆಯುತ್ತ, ಅಳಿಸುತ್ತ, ಮತ್ತೆ ತೆಗೆಯುತ್ತ ಕೂತರು. ಮೊದಮೊದಲು ಎಲ್ಲ ಚಿತ್ರಗಳೂ ಓರೆ. ಒಂದು ತಿಂಗಳಲ್ಲಿ ನೆಟ್ಟಗಾದವು.

ಉಮರೇಡ್ ಕಡೆಯಿಂದ ಕರೆ ಬಂದದ್ದು ಅದೇ ಬೇಸಿಗೆಯಲ್ಲಿ. ಅಲ್ಲಿ ಕಲ್ಲಿದ್ದಲು ಗಣಿಯ ಅಂಚಿಗೆ ಒಂದು ಸಣ್ಣ ಊರು. ಗಣಿ ಬೆಳೆದು ಊರಿನವರೆಗೂ ಬಂದಿತ್ತು. ಜನರಿಗೆ ದೂರದಲ್ಲಿ ಹೊಸ ಕಾಲೋನಿ ಕಟ್ಟಿ, ಮನೆ ಖಾಲಿ ಮಾಡಲು ಹೇಳಿದ್ದರು. ಅಕ್ಕೋರು ಪತ್ರಿಕೆಯಲ್ಲಿದ್ದಾಗ ಒಮ್ಮೆ ಆ ಊರಿಗೆ ಹೋಗಿದ್ದರಂತೆ. ಅದನ್ನು ನೆನಪಿಟ್ಟು ಅಲ್ಲಿಯ ಪಂಚಾಯಿತಿಯ ಸರಪಂಚ, ಒಬ್ಬ ನಡುವಯಸ್ಸಿನ ಹೆಂಗಸು, ಫೋನ್ ಮಾಡಿದ್ದಳು. ಹೋಗುವ ಮೊದಲು ಪ್ರತಿ ಮನೆಯವರದೂ ಅವರವರ ಬಾಗಿಲ ಮುಂದೆ ಒಂದು ಫೋಟೋ ಬೇಕು. ಪೇಟೆಯ ಫೋಟೋಗ್ರಾಫರ್ ಮದುವೆ ಸೀಜನ್ ಮುಗಿದ ಮೇಲೆ ಬರುತ್ತೇನೆಂದಿದ್ದ. ಯಂತ್ರಗಳು ಆಗಲೇ ಹೊಲದ ಬದುವಿಗೆ ಬಂದು ನಿಂತಿದ್ದವು.

ಮಗಳು ಕೇಳಿದ್ದೇ ತಡ, ತಲೆ ಅಲ್ಲಾಡಿಸಿದಳು. "ಅವ್ವಾ, ನಿನಗ ಬರೋಬರ್ ನಡೀಲಿಕ್ಕ ಬರೂದಿಲ್ಲ. ಈ ಉನ್ಹಾಳಿ ಬಿಸಲಾಗ ಉಮರೇಡ್ ತನಕ ಹೆಂಗ ಹೋಗ್ತಿ?"

"ಕಾರಿನ್ಯಾಗ," ಎಂದರು ಅಕ್ಕೋರು.

ನಾನು ನಡುವೆ ಬಾಯಿ ಹಾಕಿದೆ. ನನ್ನ ಕ್ಯಾಮೆರಾ ಆರಿಸಿಯಾಗಿತ್ತು. ದೀಪಾವಳಿಗೆ ತಗೊಳ್ಳುವುದೆಂದು ಯಜಮಾನರೂ ಒಪ್ಪಿದ್ದರು. ಅದು ಬರಲಿ, ಆಗ ಚೆನ್ನಾಗಿ ತೆಗೆಯೋಣ ಎಂದೆ.

"ಊರು ನಿನ್ನ ಕ್ಯಾಮೆರಾಕ್ಕ ಕಾಯಂಗಿಲ್ಲ ತಂಗಿ."

"ಹಂಗಾದ್ರ ಕಪಾಟಿನ್ಯಾಗಿಂದು ಕೊಡ್ರಿ. ನಾ ಹಿಡೀತೀನಿ."

"ಕೊಡ್ತಿದ್ನಿ. ಆದ್ರ ಅದರ ಗುಂಡಿ ಹುಡುಕೂದ್ರಾಗ ನಿನ್ನ ಲಕ್ಷ್ಯ ಎಲ್ಲ ಅದರ ಮ್ಯಾಲ ಇರ್ತೈತಿ, ಮಂದಿ ಮ್ಯಾಲ ಇರಂಗಿಲ್ಲ. ಇದು ಕಲಿಯೂ ದಿವಸ ಅಲ್ಲ, ಕೆಲಸದ ದಿವಸ. ಕೈಗೆ ರೂಢಿ ಇದ್ದದ್ದನ್ನ ತಗೊಂಡ ನಡಿ."

ಹೀಗೆ ಎರಡು ಫೋನು, ಒಂದು ಕೋಲು, ನೀರಿನ ಬಾಟಲಿಗಳು, ಮತ್ತು ಬಾಯಿ ಬಿಗಿದುಕೊಂಡು ಕಾರು ನಡೆಸುತ್ತಿದ್ದ ಮಗಳೊಂದಿಗೆ ಭಾನುವಾರ ನಸುಕಿನಲ್ಲೇ ಹೊರಟೆವು.

ಊರಿನಲ್ಲಿ ಅರ್ಧ ಮನೆಗಳ ಸಾಮಾನು ಆಗಲೇ ಅಂಗಳಕ್ಕೆ ಬಂದಿತ್ತು. ಬೇವಿನ ಮರದ ಕೆಳಗೆ ಅಕ್ಕೋರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಅವರು ಕೂರಲಿಲ್ಲ. ಕುರ್ಚಿಯನ್ನು ಮನೆಯಿಂದ ಮನೆಗೆ ಹೊರಿಸಿಕೊಂಡು ಎಲ್ಲ ಬಾಗಿಲಿಗೂ ಹೋದರು. ಹೋದಲ್ಲಿ ಮೊದಲು ಮಾತು. ಬಾಗಿಲಿನ ಕಟ್ಟಿಗೆ ಎಲ್ಲಿಯದು, ಹೊಸ್ತಿಲು ಯಾರು ಹಾಕಿಸಿದ್ದು, ಯಾವ ಸೊಸೆ ಯಾವ ವರ್ಷ ಇದನ್ನು ದಾಟಿ ಬಂದಳು. ಮನೆಯವರು ಹೇಳುತ್ತ ಹೇಳುತ್ತ ತಮಗೆ ತಾವೇ ನಿಲ್ಲಬೇಕಾದಲ್ಲಿ ನಿಲ್ಲುತ್ತಿದ್ದರು. ಆಗ ನನಗೆ ಕಣ್ಣಿನಲ್ಲೇ ಸನ್ನೆ. ನಾನು ಒತ್ತುತ್ತಿದ್ದೆ. ಬಿಸಿಲೇರಿದ ಮೇಲೆ ಮುಖಗಳ ಮೇಲೆ ನೆರಳು ಕಪ್ಪಾಗಿ ಬೀಳತೊಡಗಿತು. ಅಂಗಳದಲ್ಲಿ ಬಿಳೀ ಚಾದರ ಹಿಡಿಸಿ ಬೆಳಕನ್ನು ಮುಖಕ್ಕೆ ತಿರುಗಿಸಿದರು. ದೂರದ ಗಣಿಯ ಯಂತ್ರವನ್ನು ಊರಿನ ಹಿಂದೆ ತೋರಿಸಬೇಕೆಂದು ನಾನು ಎಷ್ಟು ಹೆಣಗಿದರೂ ಅದು ಇರುವೆಯಷ್ಟೇ ಬಂತು. "ಅದನ್ನ ಬಿಡು. ಅದು ನಮ್ಮಿಂದ ಆಗಂಗಿಲ್ಲ. ಅದಕ್ಕ ದೊಡ್ಡ ಲೆನ್ಸ್ ಬೇಕು," ಎಂದು ಅವರೇ ಹೇಳಿದರು. ಆಗದ್ದನ್ನು ಆಗುವುದಿಲ್ಲವೆಂದು ಹೇಳಲು ಅವರಿಗೆ ಎಂದೂ ಸಂಕೋಚವಿರಲಿಲ್ಲ.

ಕೊನೆಯ ಸಾಲಿನ ಒಂದು ಮನೆಯ ಅಜ್ಜಿ ಬಾಗಿಲ ಮುಂದೆ ನಿಲ್ಲಲು ಒಪ್ಪಲಿಲ್ಲ. ಬಾಗಿಲು ಗಂಡಸರದು, ನನ್ನ ಜಾಗ ಒಳಗೆ ಎಂದು ಮರಾಠಿಯಲ್ಲಿ ಹೇಳಿ, ಹೋಗಿ ಒಲೆಯ ಮುಂದೆ ಕೂತುಬಿಟ್ಟಳು. ಮದುವೆಯಾಗಿ ಬಂದ ವಾರ ತಾನೇ ಮಣ್ಣು ಕಲಸಿ ಹಾಕಿದ ಒಲೆ. ಹೊಸ ಕಾಲೋನಿಯಲ್ಲಿ ಒಲೆಗೆ ಜಾಗವಿರಲಿಲ್ಲ. ಅಡುಗೆಮನೆಗೆ ಕಿಟಕಿಯಿರಲಿಲ್ಲ, ಹೊಗೆ ಹಿಡಿದ ಗೋಡೆ. ನಾನು ತೆಗೆದೆ. ಫೋನಿನಲ್ಲಿ ಕಂಡದ್ದು ಬರೀ ಕಪ್ಪು, ಅದರ ಮೇಲೆ ಮರಳು ಚೆಲ್ಲಿದಂತೆ ಚುಕ್ಕಿಗಳು. ಫೋನಿನ ದೀಪ ಹಾಕಿದರೆ ಅಜ್ಜಿಯ ಮುಖ ಸುಣ್ಣ ಬಳಿದಂತಾಯಿತು.

"ಇದಕ್ಕ ದೊಡ್ಡ ಕ್ಯಾಮೆರಾ ಬೇಕಿತ್ರೀ ಅಕ್ಕೋರ," ಎಂದೆ.

"ಹೌದು. ಇದ್ದಿದ್ರ ಚಲೋ ಇತ್ತು," ಎಂದರು ಅವರು. "ಇಲ್ಲ. ಈಗ ಏನ ಮಾಡ್ತಿ?"

ಅವರು ಕೋಲೂರಿ ನಿಂತು ಮೇಲೆ ನೋಡಿದರು. ಮಾಡು ಹಳೆಯ ನಾಡಹಂಚಿನದು. ಅಜ್ಜಿಯ ಮಗನನ್ನು ಕರೆದು, ಒಲೆಯ ನೇರಕ್ಕೆ ಒಂದಿಷ್ಟು ಹಂಚು ತೆಗೆಯಲಾದೀತೇ ಎಂದು ಕೇಳಿದರು. ಅವನು ತಾಯಿಯ ಮುಖ ನೋಡಿದ. ಹೇಗೂ ಬೀಳಲಿರುವ ಮನೆಯೇ. ಆದರೆ ಅಲ್ಲಿಯವರೆಗೆ ಯಾರೂ ಅದರ ಒಂದು ಹಂಚನ್ನೂ ಮುಟ್ಟಿರಲಿಲ್ಲ. ಅಜ್ಜಿ ಸೆರಗು ಸರಿಮಾಡಿಕೊಂಡು, "ಕಾಢ್ ಬಾಬಾ," ತೆಗಿಯಪ್ಪ, ಎಂದಳು.

ಮಗ ಮಾಡು ಏರಿ ಒಂದೊಂದೇ ಹಂಚನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ. ಧೂಳು ಉದುರಿತು. ಆಮೇಲೆ ಆ ಕಿಂಡಿಯಿಂದ ಬೆಳಕು ಇಳಿದು ಒಲೆಯ ಮೇಲೆ, ಅಜ್ಜಿಯ ಕೈಗಳ ಮೇಲೆ, ಅರ್ಧ ಮುಖದ ಮೇಲೆ ಬಿತ್ತು. ಆಕೆ ತಲೆಯೆತ್ತಿ, ತನ್ನ ಅಡುಗೆಮನೆಯಿಂದ ಮೊದಲ ಬಾರಿಗೆ ಕಾಣುತ್ತಿದ್ದ ಆಕಾಶವನ್ನು ನೋಡಿದಳು.

ನಾನು ಫೋನ್ ಎತ್ತುವಷ್ಟರಲ್ಲಿ ಅಕ್ಕೋರು ಹೊರಿಸಿ ತಂದ ಕುರ್ಚಿಯಲ್ಲಿ ಕೂತು ಮುಂದಕ್ಕೆ ಬಾಗಿದ್ದರು. ಎಡಗೈಯಲ್ಲಿ ಒಡೆದ ಮೂಲೆಯ ಫೋನು. ಅದರ ಅಡಿಗೆ ಆಧಾರವಾಗಿ ಆ ಬಲಗೈಯ ಮುಷ್ಟಿ. ಎದೆಯಿಂದ ಒಂದು ಗೇಣೂ ದೂರ ಬಾರದೆ ನನ್ನನ್ನು ತಿಂಗಳುಗಟ್ಟಲೆ ಸತಾಯಿಸಿದ ಕೈ ಅದು. ಬೆರಳುಗಳು ಬಿಚ್ಚಿರಲಿಲ್ಲ. ಆದರೆ ಮೊಣಕೈ ಚಾಚಿತ್ತು, ಭುಜ ಏರಿತ್ತು, ಮುಷ್ಟಿ ಕಲ್ಲಿನಂತೆ ಅಲುಗದೆ ನಿಂತಿತ್ತು. ನಾನು ಚಿತ್ರ ತೆಗೆಯುವುದನ್ನು ಮರೆತು ಅವರ ಭುಜವನ್ನೇ ನೋಡುತ್ತ ನಿಂತೆ. ಅವರಿಗೆ ಅದರ ಅರಿವೇ ಇರಲಿಲ್ಲ. ಅವರು ಅಜ್ಜಿಯನ್ನು ನೋಡುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಅವರ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಆಚೆ ತಿರುಗಿದಳು.

ಚಿತ್ರಗಳನ್ನು ಮುದ್ರಿಸಿ ಕಾಲೋನಿಗೆ ತಲುಪಿಸುವ ಹೊತ್ತಿಗೆ ಊರು ಇರಲಿಲ್ಲ. ಅಕ್ಕೋರು ತೆಗೆದ ಅಜ್ಜಿಯ ಒಲೆಯ ಚಿತ್ರವನ್ನು ಸ್ವಲ್ಪ ದೊಡ್ಡದಾಗಿ ಹಾಕಿಸಿದ್ದೆವು. ಹತ್ತಿರದಿಂದ ನೋಡಿದರೆ ಗೋಡೆಯ ಕಪ್ಪಿನಲ್ಲಿ ಚುಕ್ಕಿಗಳು ಕಾಣುತ್ತವೆ, ಅಂಚು ಹರಿತವಾಗಿಲ್ಲ. ಕಾಲೋನಿಯಲ್ಲಿ ಅದನ್ನು ನೋಡಿದವರಾರೂ ಅಂಚಿನ ಮಾತೆತ್ತಲಿಲ್ಲ. ಒಬ್ಬೊಬ್ಬರೂ ಒಲೆಯ ಬಾಯಿಯ ಮಣ್ಣಿನಲ್ಲಿ ಮೂಡಿದ್ದ ಅಜ್ಜಿಯ ಬೆರಳಚ್ಚುಗಳನ್ನು ಮುಟ್ಟಿ ಮುಟ್ಟಿ ನೋಡಿದರು.

ದೀಪಾವಳಿಗೆ ನಾನು ಕ್ಯಾಮೆರಾ ಕೊಂಡೆ. ಮೊದಲು ಆರಿಸಿದ್ದನ್ನಲ್ಲ. ಅಂಗಡಿಗೆ ಹೊರಡುವ ಮುನ್ನ ಅಕ್ಕೋರು ನನ್ನನ್ನು ಕೂರಿಸಿ, ಇಷ್ಟು ತಿಂಗಳಲ್ಲಿ ಯಾವ ಚಿತ್ರ ಕೈತಪ್ಪಿತು, ಯಾಕೆ ಎಂದು ಒಂದೊಂದನ್ನೇ ಕೇಳಿದರು. ನನಗೆ ಹೆಚ್ಚಾಗಿ ಕೈಕೊಟ್ಟದ್ದು ಕತ್ತಲೆ. "ಹಂಗಾದ್ರ ಕತ್ತಲಿಯಾಗ ನಡಿಯೂದು ತಗೋ. ಉಳಿದದ್ದು ಅಂಗಡಿಯವ ಎಷ್ಟ ಹೇಳಿದ್ರೂ ಕಿವ್ಯಾಗ ಹಾಕ್ಕೋಬ್ಯಾಡ," ಎಂದರು. ಯಾರೋ ಬಳಸಿ ಬಿಟ್ಟ ಸಣ್ಣ ಕ್ಯಾಮೆರಾ, ಒಂದೇ ಲೆನ್ಸ್. ಸುಳ್ಳು ಹೇಳಬಾರದು, ಅದು ಬಂದ ಮೇಲೆ ಕೆಲಸ ಹಗುರವಾಯಿತು; ಮೊದಲು ಆಗದಿದ್ದ ಎಷ್ಟೋ ಆಗತೊಡಗಿತು. ಆದರೆ ಎಲ್ಲಿ ನಿಲ್ಲಬೇಕು, ಯಾರೊಡನೆ ಮೊದಲು ಮಾತಾಡಬೇಕು, ಯಾವಾಗ ಒತ್ತಬೇಕು ಎಂಬುದು ಅದರ ಡಬ್ಬಿಯಲ್ಲಿ ಬಂದದ್ದಲ್ಲ.

ನನ್ನ ಸ್ವಂತ ಕೆಲಸವೂ ಬದಲಾಯಿತು. ಲಕ್ವ ಹೊಡೆದವರಿಗೆ ಈಗ ನಾನು ಮೊದಲು ಕೇಳುವುದು, ಈ ಕೈಯಿಂದ ನಿಮಗೆ ಏನು ಮಾಡಬೇಕಾಗಿದೆ ಎಂದು. ಒಬ್ಬರು ರೊಟ್ಟಿ ಬಡಿಯಬೇಕೆನ್ನುತ್ತಾರೆ, ಇನ್ನೊಬ್ಬರು ಸ್ಕೂಟರಿನ ಕಿವಿ ತಿರುವಬೇಕೆನ್ನುತ್ತಾರೆ. ಅಲ್ಲಿಂದ ಶುರು.

ಎರಡು ಬೇಸಿಗೆ ಅಕ್ಕೋರು ಹೀಗೆಯೇ ಇದ್ದರು. ಒಡೆದ ಫೋನು ಪೂರ್ತಿ ಕೆಟ್ಟ ಮೇಲೆ ಮಗಳು ತನ್ನ ಹೊಸ ಫೋನನ್ನೇ ಕೊಟ್ಟಳು. ಚಳಿಗಾಲದ ಒಂದು ಬೆಳಿಗ್ಗೆ ಎರಡನೆಯ ಬಾರಿ ಲಕ್ವ ಹೊಡೆಯಿತು. ಈ ಬಾರಿ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಹೋಗಿಬಿಟ್ಟರು.

ನಾನು ಡ್ಯೂಟಿಯ ಬಟ್ಟೆಯಲ್ಲೇ ಓಡಿದೆ. ಹಾಲಿನಲ್ಲಿ ಮಲಗಿಸಿದ್ದರು. ಪತ್ರಿಕೆಯ ಹಳೆಯ ಸಹೋದ್ಯೋಗಿಗಳು, ಕ್ಯಾಂಪಿನ ಕನ್ನಡದ ಕುಟುಂಬಗಳು ಬಂದು ಹೋಗುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಕೆಳಗೆ ಒಂದು ಟೆಂಪೋ ನಿಂತಿತು. ಕಾಲೋನಿಯವರು. ಸರಪಂಚ, ಮಾಡು ಏರಿದ್ದ ಆ ಮಗ, ಅವನ ತೋಳು ಹಿಡಿದು ಮೆಟ್ಟಿಲು ಹತ್ತಿದ ಅಜ್ಜಿ, ಅವರ ಹಿಂದೆ ಇನ್ನೂ ಅನೇಕರು. ಇಷ್ಟು ಜನ ಯಾರೆಂದು ನೆಂಟರು ನನ್ನ ಮುಖ ನೋಡಿದರು. ಅಜ್ಜಿ ಅಕ್ಕೋರ ಪಕ್ಕದಲ್ಲಿ ನೆಲಕ್ಕೆ ಕೂತು ಆ ಮುಷ್ಟಿಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ತಾಈಂಬರೋಬರ್ ಆಮ್ಚಾ ಏಕ್ ಫೋಟೋ ಕಾಢ್," ಎಂದಳು. ಅಕ್ಕನ ಜೊತೆ ನಮ್ಮದೊಂದು ಫೋಟೋ ತೆಗಿ.

ಹಾಲಿನಲ್ಲಿ ಯಾರೋ ಗೊಣಗಿದರು. ನಾನು ಮಗಳ ಮುಖ ನೋಡಿದೆ. "ತಗೀರಿ," ಎಂದಳು ಅವಳು. "ಅವ್ವ ಇದ್ದಿದ್ರ ತಗೀತಿದ್ಲು."

ಕ್ಯಾಮೆರಾ ಮನೆಯಲ್ಲಿತ್ತು. ಜೇಬಿನಲ್ಲಿ ಫೋನಿತ್ತು. ಬಾಲ್ಕನಿಯ ಪರದೆ ಸರಿಸಲು ಹೇಳಿದೆ. ಬೆಳಕು ಅಕ್ಕೋರ ಬಲಗಡೆಯಿಂದ ಬಂತು. ಹಿಂದೆ ನಿಂತವರ ಮುಖ ಮರೆಯಾಗುತ್ತಿತ್ತು. ಮುಂದಿನವರನ್ನು ಕೂರಿಸಿದೆ, ಕಂಬದ ಹಿಂದೆ ನಿಂತು ಅಳುತ್ತಿದ್ದ ಅಜ್ಜಿಯ ಮಗನನ್ನು ಹೆಸರು ಹಿಡಿದು ಕರೆದು ತಾಯಿಯ ಪಕ್ಕಕ್ಕೆ ಕರೆತಂದೆ. ಬಾಗಿಲಲ್ಲೇ ಉಳಿದಿದ್ದ ಇಬ್ಬರನ್ನು ಒಳಗೆ ಬರಹೇಳಿದೆ. ಅವರು ಬಂದು ನೆಲೆಯಾಗುವವರೆಗೆ ಕಾದೆ. ಆಮೇಲೆ ಅಳೋಣ ಎಂದುಕೊಂಡು ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದು, ಉಸಿರು ಕಟ್ಟಿ ಒತ್ತಿದೆ.

ಆ ಚಿತ್ರದ ಒಂದೊಂದು ಪ್ರತಿ ಕಾಲೋನಿಯ ಎಲ್ಲ ಮನೆಗಳಲ್ಲಿಯೂ ಇದೆ. ಅದರಲ್ಲಿ ಪ್ರತಿಯೊಬ್ಬರ ಮುಖವೂ ಸ್ಪಷ್ಟವಾಗಿ ಬಂದಿದೆ.